ಹೊಟ್ಟೆ ಕೆಟ್ಟಾಗ ಯಾವ ಪ್ರೊಬಯಾಟಿಕ್, ಯಾರಿಗೆ, ಎಷ್ಟು ದಿನ?

ಉಜ್ಜಿನಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆ ಔಷಧದಂಗಡಿಯ ಮುಂದೆ ನಿಂತು ‘ಹೊಟ್ಟಿ ಜಾಡಸಾಕತ್ತೈತಿ, ಏನಾರ ಕೊಡ್ರಿ’ ಎಂದರೆ ವೈದ್ಯರ ಚೀಟಿ ಕೇಳುವವರು ಕಡಿಮೆ. ಒಂದೆರಡು ಆ್ಯಂಟಿಬಯಾಟಿಕ್ ಗುಳಿಗೆ, ಭೇದಿ ಕಟ್ಟುವ ಒಂದು ಗುಳಿಗೆ, ಜೊತೆಗೆ ಪ್ರೊಬಯಾಟಿಕ್‌ನ ಒಂದು ಪುಟ್ಟ ಬಾಟಲಿಯೋ ಪುಡಿಯ ಪೊಟ್ಟಣವೋ ಕೈಗೆ ಬರುತ್ತದೆ. ಅದೇ ಅಂಗಡಿಗೆ ಇನ್ನೊಂದು ಬಗೆಯ ಗಿರಾಕಿಯೂ ಬರುತ್ತಾರೆ. ಅವರಿಗೆ ಭೇದಿ ಇವತ್ತಿನದಲ್ಲ. ವರ್ಷಗಟ್ಟಲೆ ಹೊಟ್ಟೆ ನುಲಿಯುತ್ತದೆ, ಉಬ್ಬುತ್ತದೆ, ನಾಲ್ಕು ದಿನ ಬಿಗಿದರೆ ನಾಲ್ಕು ದಿನ ಸಡಿಲ. ದಾವಣಗೆರೆಗೂ ಬಳ್ಳಾರಿಗೂ ಹೋಗಿ ಸ್ಕ್ಯಾನಿಂಗ್, ಎಂಡೊಸ್ಕೋಪಿ ಮಾಡಿಸಿ ‘ಏನೂ ತೊಂದರೆ ಇಲ್ಲ’ ಎಂಬ ವರದಿ ತಂದವರು ಅವರು. ಅವರಿಗೂ ಕೊನೆಗೆ ಸಿಗುವುದು ಪ್ರೊಬಯಾಟಿಕ್ ಕ್ಯಾಪ್ಸೂಲಿನ ಒಂದು ಪಟ್ಟಿ.

ಎರಡು ಬೇರೆ ಕಾಯಿಲೆ, ಎರಡು ಬೇರೆ ದೇಹ, ಮದ್ದು ಮಾತ್ರ ಒಂದೇ ಹೆಸರಿನದು. ಇದು ಸರಿಯೇ? ಕಳೆದ ಇಪ್ಪತ್ತು ವರ್ಷಗಳಲ್ಲಿ ಜಗತ್ತಿನ ಹಲವೆಡೆ ನಡೆದ ಪ್ರಯೋಗಗಳು, ನಮ್ಮ ದೇಶದಲ್ಲೇ ನಡೆದ ಕೆಲವು ಅಧ್ಯಯನಗಳು ಒಂದು ಉತ್ತರದ ಕಡೆ ಕೈ ತೋರಿಸುತ್ತವೆ. ಪ್ರೊಬಯಾಟಿಕ್ ಎಂಬುದು ಒಂದು ಮದ್ದಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಜೀವಾಣುಗಳಿಗೆ ಇಟ್ಟ ಒಟ್ಟು ಹೆಸರು. ಯಾವ ತಳಿ, ಯಾವ ಕಾಯಿಲೆಗೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಎಂಬ ನಾಲ್ಕು ಪ್ರಶ್ನೆ ಕೇಳದೆ ಕೊಂಡ ಪ್ರೊಬಯಾಟಿಕ್ ಬಹುಪಾಲು ಹಣದ ಪೋಲು. ಆ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದದ್ದು ನೀರಿನ ಪ್ರಶ್ನೆ.

ಮಕರಬ್ಬಿಯಿಂದ ಆರಂಭಿಸೋಣ

2021ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ಅಧಿಕೃತ ಚಾಲನೆ ಸಿಕ್ಕಿತು. ಅದೇ ದಿನಗಳಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ನೀರು ಕುಡಿದು ಊರಿಗೆ ಊರೇ ವಾಂತಿಭೇದಿಯಿಂದ ಮಲಗಿತ್ತು. ಆರು ಜನ ಸತ್ತರು. ಸರ್ಕಾರ ತನಿಖೆಗೆ ಆದೇಶಿಸಿತು, ಪರಿಹಾರ ಘೋಷಿಸಿತು. ಹೊಸ ಜಿಲ್ಲೆಯ ಇತಿಹಾಸದ ಮೊದಲ ಪುಟದಲ್ಲೇ ಈ ಆರು ಸಾವುಗಳಿವೆ ಎಂಬುದನ್ನು ನಾವು ಮರೆಯಬಾರದು.

ಇಂಥ ಭೇದಿಯಲ್ಲಿ ಮನುಷ್ಯ ಸಾಯುವುದು ರೋಗಾಣುವಿನ ನೇರ ಏಟಿಗಲ್ಲ, ಮೈಯಲ್ಲಿನ ನೀರು ಮತ್ತು ಉಪ್ಪು ಬರಿದಾಗಿ. ಕಾಲರಾ ಬಂದವರಲ್ಲಿ ಕೆಲವೇ ತಾಸಿನಲ್ಲಿ ಹಲವು ಲೀಟರ್ ನೀರು ಹೊರಹೋಗುತ್ತದೆ. ಆ ಹೊತ್ತಿಗೆ ಪ್ರೊಬಯಾಟಿಕ್ ಜೀವ ಉಳಿಸುವುದಿಲ್ಲ, ಉಪ್ಪು-ಗ್ಲೂಕೋಸ್ ಬೆರೆಸಿದ ಓಆರ್‌ಎಸ್ ನೀರು ಉಳಿಸುತ್ತದೆ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಎರಡೂ ಜೊತೆಯಾಗಿ ಒಳಹೋಗುವ ಬಾಗಿಲೊಂದಿದೆ. ಎಷ್ಟೇ ಭೇದಿಯಾಗುತ್ತಿದ್ದರೂ ಆ ಬಾಗಿಲು ಕೆಲಸ ಮಾಡುತ್ತಿರುತ್ತದೆ, ಅವೆರಡರ ಹಿಂದೆ ನೀರೂ ಒಳಹೋಗುತ್ತದೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನೊಬಿಸ್ ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಘೋಷಣೆಯಾದದ್ದು 2023ರಲ್ಲಿ, ತೀರಿಹೋದ ಮೇಲೆ.

ಓಆರ್‌ಎಸ್ ಕಲಸುವುದರಲ್ಲಿ ನಮ್ಮ ಮನೆಗಳಲ್ಲಿ ಆಗುವ ತಪ್ಪು ಒಂದಿದೆ. 20.5 ಗ್ರಾಂ ತೂಕದ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಲೆಕ್ಕ ಹಾಕಿ ಮಾಡಿದ್ದು. ಮಗು ಕುಡಿಯುವುದೇ ಒಂದು ಲೋಟ ಎಂದು ಅರ್ಧ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು-ಸಕ್ಕರೆ ವಿಪರೀತವಾಗಿ ಭೇದಿ ಹೆಚ್ಚುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರು ಅಳೆದು, ಪೊಟ್ಟಣ ಪೂರ್ತಿ ಹಾಕಿ ಕಲಸಿ, ಮುಚ್ಚಿಟ್ಟು ಚಮಚ ಚಮಚವಾಗಿ ಕುಡಿಸಬೇಕು. 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಪೊಟ್ಟಣವೇ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಓಆರ್‌ಎಸ್ ಎಂಬ ಹೆಸರು ಹೊತ್ತು ಸಕ್ಕರೆ ಪಾನಕಗಳು ಮಾರುಕಟ್ಟೆಯಲ್ಲಿ ಬಹಳ ಕಾಲ ಓಡಾಡಿದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅವುಗಳ ಹೆಸರಿನಿಂದ ಆ ಮೂರು ಅಕ್ಷರ ತೆಗೆಯಿಸಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದದ್ದನ್ನೇ ನೋಡಿ ಕೊಳ್ಳಬೇಕು.

ಮಕ್ಕಳಿಗೆ ಎರಡನೆಯ ಮದ್ದು ಸತು, ಅಂದರೆ ಜಿಂಕ್. ಎರಡು ತಿಂಗಳಿಂದ ಆರು ತಿಂಗಳೊಳಗಿನ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡ ಮಕ್ಕಳಿಗೆ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ. ಆಶಾ ಕಾರ್ಯಕರ್ತೆಯರು ಓಆರ್‌ಎಸ್ ಮತ್ತು ಸತು ಎರಡನ್ನೂ ಮನೆಬಾಗಿಲಿಗೆ ತಂದುಕೊಡುತ್ತಾರೆ, ದುಡ್ಡಿಲ್ಲದೆ. ಇವೆರಡನ್ನೂ ಬಿಟ್ಟು ದುಬಾರಿ ಪ್ರೊಬಯಾಟಿಕ್ ಕೊಡಿಸಿದ ತಾಯಿಗೆ ಮಗುವಿನ ಮೇಲಿರುವ ಪ್ರೀತಿಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಆ ಪ್ರೀತಿಗೆ ತಕ್ಕ ಮಾಹಿತಿಯನ್ನು ನಾವು ಆಕೆಗೆ ಕೊಟ್ಟಿಲ್ಲ.

ತಳಿ ಗೊತ್ತಿಲ್ಲದೆ ಮದ್ದಿಲ್ಲ

2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳು ಸೇರಿ ಒಂದು ಗೆರೆ ಎಳೆದವು. ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ತೆಗೆದುಕೊಂಡವರಿಗೆ ಆರೋಗ್ಯದ ಲಾಭ ಸಿಗಬೇಕು. ಈ ಮೂರೂ ಇದ್ದರೆ ಮಾತ್ರ ಅದು ಪ್ರೊಬಯಾಟಿಕ್. 2011ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಇದೇ ದಾರಿಯಲ್ಲಿ ನಮ್ಮ ದೇಶಕ್ಕೆ ಮಾರ್ಗಸೂಚಿ ಹೊರಡಿಸಿದವು. 2016ರ ನಿಯಮಗಳ ಪ್ರಕಾರ ಪ್ರೊಬಯಾಟಿಕ್ ಆಹಾರದ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಜೀವಾಣು ಇರಬೇಕು.

ಇಲ್ಲಿ ತಳಿಯ ಮಾತು ಮುಖ್ಯ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜದಂಗಡಿಯಲ್ಲಿ ‘ಜೋಳ ಕೊಡ್ರಿ’ ಎಂದರೆ ಸಾಲದು. ಹಿಂಗಾರಿಗೆ ಮಾಲ್ದಂಡಿ ಬೇಕೋ, ಮುಂಗಾರಿಗೆ ಹೈಬ್ರಿಡ್ ಬೇಕೋ ಎಂದು ಕೇಳುತ್ತಾರೆ. ಎರಡೂ ಜೋಳವೇ. ಆದರೆ ಮಾಲ್ದಂಡಿಗೆ ಒಗ್ಗುವ ಹೊಲ, ಹವೆ ಹೈಬ್ರಿಡ್‌ಗೆ ಒಗ್ಗುವುದಿಲ್ಲ. ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಎಂಬುದು ಜೋಳ ಎಂದಷ್ಟೇ ಹೇಳಿದ ಹಾಗೆ. ಅದರ ಮುಂದಿನ ‘ಜಿಜಿ’ ಎಂಬ ಗುರುತೇ ತಳಿಯ ಹೆಸರು. ಜಿಜಿ ತಳಿಯ ಮೇಲೆ ನಡೆದ ಪ್ರಯೋಗದ ಫಲವನ್ನು ಬೇರೊಂದು ರ‍್ಯಾಮ್ನೋಸಸ್‌ಗೆ ಹೊಂದಿಸಿ ಮಾರುವುದು ನ್ಯಾಯವಲ್ಲ.

ಅಂಗಡಿಯಲ್ಲಿ ಸಿಗುವ ಒಂದು ಪೊಟ್ಟಣವನ್ನು ಬೆಳಕಿಗೆ ಹಿಡಿದು ಓದಿ. ಮೊದಲ ಸಾಲಿನಲ್ಲಿ ಜೀವಾಣುವಿನ ಹೆಸರು ಎರಡು ಪದದಲ್ಲಿರುತ್ತದೆ. ಮೂರನೆಯದಾಗಿ ಅಕ್ಷರ-ಅಂಕಿಗಳ ಗುರುತು ಇದ್ದರೆ ಅದು ತಳಿ. ಇಲ್ಲದಿದ್ದರೆ ಆ ಪೊಟ್ಟಣ ತನ್ನ ಬಗ್ಗೆ ಪೂರ್ತಿ ಹೇಳುತ್ತಿಲ್ಲ. ನಂತರ ‘ಸಿಎಫ್‌ಯು’ ಎಂಬ ಲೆಕ್ಕ ನೋಡಿ, ಅದು ಜೀವಂತ ಕಣಗಳ ಸಂಖ್ಯೆ. ಒಂದು ಬಿಲಿಯನ್ ಎಂದರೆ ನೂರು ಕೋಟಿ. ಆ ಸಂಖ್ಯೆ ತಯಾರಾದ ದಿನದ್ದೋ, ಅವಧಿ ಮುಗಿಯುವ ದಿನದವರೆಗಿನ ಭರವಸೆಯೋ ಎಂಬುದನ್ನೂ ನೋಡಬೇಕು. ಕೊನೆಗೆ ಇಡುವ ಉಷ್ಣತೆ. ತಂಪಿನಲ್ಲಿ ಇಡಬೇಕೆಂದು ಬರೆದ ಲ್ಯಾಕ್ಟೊಬ್ಯಾಸಿಲಸ್ ಕ್ಯಾಪ್ಸೂಲು ಏಪ್ರಿಲ್ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಬಸ್ಸಿನ ಟಾಪಿನ ಮೇಲೆ ಬಂದು, ತಗಡಿನ ಮಾಳಿಗೆಯ ಅಂಗಡಿಯಲ್ಲಿ ಕರೆಂಟಿಲ್ಲದ ಹೊತ್ತು ಕಳೆದಿದ್ದರೆ ಒಳಗಿರುವುದರಲ್ಲಿ ಎಷ್ಟು ಬದುಕಿದೆ ಎಂದು ಯಾರೂ ಹೇಳಲಾರರು. ಬ್ಯಾಸಿಲಸ್ ಜಾತಿಯವು ಬೀಜಕದ ರೂಪದಲ್ಲಿರುವುದರಿಂದ ಶಾಖ ತಡೆಯುತ್ತವೆ. ಒಣಗಿಸಿದ ಯೀಸ್ಟ್ ಕೂಡ ಲ್ಯಾಕ್ಟೊಬ್ಯಾಸಿಲಸ್‌ನಷ್ಟು ನಾಜೂಕಲ್ಲ. ನಮ್ಮ ಬಿಸಿಲು ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಹೆಸರುಗಳ ಗೊಂದಲವೂ ಇದೆ. 2020ರಲ್ಲಿ ವಿಜ್ಞಾನಿಗಳು ಹಳೆಯ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ಒಡೆದರು. ಹೀಗಾಗಿ ಒಂದೇ ಜೀವಾಣು ಒಂದು ಪೊಟ್ಟಣದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಆಗಿಯೂ ಇನ್ನೊಂದರಲ್ಲಿ ಲ್ಯಾಕ್ಟಿಕೇಸಿಬ್ಯಾಸಿಲಸ್ ಆಗಿಯೂ ಇರಬಹುದು. ನಮ್ಮಲ್ಲಿ ದಶಕಗಳಿಂದ ಲ್ಯಾಕ್ಟೊಬ್ಯಾಸಿಲಸ್ ಸ್ಪೋರೊಜೀನ್ಸ್ ಎಂದು ಮಾರಾಟವಾಗುತ್ತಿರುವುದು ನಿಜದಲ್ಲಿ ಬ್ಯಾಸಿಲಸ್ ಕೋಆಗ್ಯುಲನ್ಸ್. ಇಂಥಲ್ಲೆಲ್ಲ ನಂಬಬೇಕಾದದ್ದು ಕೊನೆಯ ತಳಿ ಗುರುತನ್ನೇ.

ದಿಢೀರ್ ಭೇದಿ: ನಿರೀಕ್ಷೆ ಕುಗ್ಗಿದ ಕಥೆ

2010ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸೋಂಕಿನ ಭೇದಿಗೆ ಪ್ರೊಬಯಾಟಿಕ್ ಕೊಟ್ಟ 63 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಭೇದಿಯ ಅವಧಿ ಸುಮಾರು ಒಂದು ದಿನ ಕಡಿಮೆಯಾಗುತ್ತದೆ ಎಂಬ ಫಲ ಬಂತು. ಪ್ರೊಬಯಾಟಿಕ್‌ಗೆ ಮಕ್ಕಳ ವೈದ್ಯರ ಚೀಟಿಯಲ್ಲಿ ಜಾಗ ಭದ್ರವಾದದ್ದರ ಹಿಂದೆ ಇಂಥ ಫಲಿತಾಂಶಗಳಿದ್ದವು.

2018ರಲ್ಲಿ ಚಿತ್ರ ಬದಲಾಯಿತು. ಅಮೆರಿಕದಲ್ಲಿ 971 ಮಕ್ಕಳಿಗೆ ಜಿಜಿ ತಳಿಯನ್ನು, ಕೆನಡಾದಲ್ಲಿ 886 ಮಕ್ಕಳಿಗೆ ಇನ್ನೊಂದು ಮಿಶ್ರಣವನ್ನು ಪರೀಕ್ಷಿಸಿದ ಎರಡು ದೊಡ್ಡ ಪ್ರಯೋಗಗಳು ಒಂದೇ ಪತ್ರಿಕೆಯಲ್ಲಿ ಪ್ರಕಟವಾದವು. ಎರಡರಲ್ಲೂ ಜೀವಾಣುವಿಲ್ಲದ ಬರೀ ಪುಡಿ ತಿಂದ ಮಕ್ಕಳಿಗೂ ಪ್ರೊಬಯಾಟಿಕ್ ತಿಂದ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಕಾಕ್ರೇನ್ ಮತ್ತೆ ಲೆಕ್ಕ ಹಾಕಿತು. ಈ ಬಾರಿ 82 ಅಧ್ಯಯನ, 12,127 ಜನ. ಚೆನ್ನಾಗಿ ನಡೆದ ದೊಡ್ಡ ಪ್ರಯೋಗಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಎರಡು ದಿನ ಮೀರಿ ಭೇದಿ ಮುಂದುವರಿಯುವವರ ಸಂಖ್ಯೆಯನ್ನು ಪ್ರೊಬಯಾಟಿಕ್ ಬಹುಶಃ ಕಡಿಮೆ ಮಾಡುವುದಿಲ್ಲ ಎಂಬುದು ಹೊಸ ತೀರ್ಮಾನ. ಅದೇ ವರ್ಷ ಅಮೆರಿಕದ ಜಠರ-ಕರುಳು ತಜ್ಞರ ಸಂಘ ತನ್ನ ದೇಶದ ಮಕ್ಕಳ ಸೋಂಕಿನ ಭೇದಿಗೆ ಪ್ರೊಬಯಾಟಿಕ್ ಬೇಡ ಎಂದಿತು. ಯುರೋಪಿನ ಮಕ್ಕಳ ತಜ್ಞರು ಬಾಗಿಲು ಪೂರ್ತಿ ಮುಚ್ಚಿಲ್ಲ. ಜಿಜಿ ತಳಿ, ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್, ಲ್ಯಾಕ್ಟೊಬ್ಯಾಸಿಲಸ್ ರ‍್ಯೂಟೆರಿ ಡಿಎಸ್‌ಎಂ 17938 ಇವನ್ನು ಐದರಿಂದ ಏಳು ದಿನ ಕೊಡಬಹುದು, ಆಧಾರ ಮಾತ್ರ ಗಟ್ಟಿಯಿಲ್ಲ ಎನ್ನುತ್ತಾರೆ.

ಅಮೆರಿಕದ ಮಗುವಿನ ಕರುಳು ಬೇರೆ, ನಮ್ಮ ಮಗುವಿನದು ಬೇರೆ ಎಂಬ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ನಮ್ಮದೇ ನೆಲದ ದೊಡ್ಡ ಸಾಕ್ಷಿ ಕೋಲ್ಕತ್ತದ್ದು. ಅಲ್ಲಿನ ರಾಷ್ಟ್ರೀಯ ಕಾಲರಾ ಮತ್ತು ಕರುಳುಬೇನೆ ಸಂಸ್ಥೆ ಕೊಳೆಗೇರಿಯ 1ರಿಂದ 5 ವರ್ಷದ 3,758 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಲ್ಯಾಕ್ಟೊಬ್ಯಾಸಿಲಸ್ ಕೇಸಿ ಶಿರೋಟಾ ತಳಿಯ ಹುಳಿಹಾಲಿನ ಪಾನೀಯವನ್ನು, ಉಳಿದವರಿಗೆ ಜೀವಾಣುವಿಲ್ಲದ ಪಾನೀಯವನ್ನು 12 ವಾರ ದಿನವೂ ಕುಡಿಸಿತು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಭೇದಿ ಶೇ 14ರಷ್ಟು ಕಡಿಮೆಯಾಗಿತ್ತು. ಲಾಭ ಇದೆ, ಸಣ್ಣದು. ಅದೂ ಭೇದಿ ಬಂದ ಮೇಲೆ ಕೊಟ್ಟ ಮದ್ದಿನದಲ್ಲ, ಬರುವ ಮೊದಲು ಮೂರು ತಿಂಗಳು ದಿನವೂ ಕುಡಿದದ್ದರ ಫಲ. ಅಷ್ಟು ದಿನ ಕೊಂಡು ಕುಡಿಸುವ ಖರ್ಚಿನಲ್ಲಿ ಒಂದು ಓಣಿಯ ಕುಡಿಯುವ ನೀರನ್ನು ಸರಿಪಡಿಸಬಹುದಲ್ಲ ಎಂದು ನನ್ನ ಮನಸ್ಸು ಕೇಳುತ್ತದೆ.

ಆ್ಯಂಟಿಬಯಾಟಿಕ್ ನುಂಗಿದ ಮೇಲೆ ಶುರುವಾಗುವ ಭೇದಿಯ ಮಾತು ಬೇರೆ, ಪ್ರೊಬಯಾಟಿಕ್‌ಗೆ ಒಳ್ಳೆಯ ಆಧಾರ ಇರುವುದು ಇಲ್ಲಿಯೇ. ಮಕ್ಕಳ ಮೇಲಿನ 33 ಪ್ರಯೋಗಗಳನ್ನು 2019ರಲ್ಲಿ ಒಟ್ಟುಗೂಡಿಸಿದಾಗ, ಆ್ಯಂಟಿಬಯಾಟಿಕ್ ಜೊತೆಗೆ ಪ್ರೊಬಯಾಟಿಕ್ ಪಡೆದವರಲ್ಲಿ ಶೇ 8, ಪಡೆಯದವರಲ್ಲಿ ಶೇ 19 ಮಕ್ಕಳಿಗೆ ಭೇದಿಯಾಗಿತ್ತು. ಒಂಬತ್ತು ಮಕ್ಕಳಿಗೆ ಕೊಟ್ಟರೆ ಒಂದು ಮಗುವಿನ ಭೇದಿ ತಪ್ಪುತ್ತದೆ ಎಂಬ ಲೆಕ್ಕ. ಜಿಜಿ ತಳಿ ಅಥವಾ ಬೌಲಾರ್ಡಿ ಯೀಸ್ಟ್, ದಿನಕ್ಕೆ 500 ಕೋಟಿಗೆ ಕಡಿಮೆಯಿಲ್ಲದ ಪ್ರಮಾಣ, ಆ್ಯಂಟಿಬಯಾಟಿಕ್ ಶುರುವಾದ ದಿನದಿಂದಲೇ.

ಇನ್ನೊಂದು ಬದಿಯೂ ಇದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆ 2018ರಲ್ಲಿ ನಡೆಸಿದ ಸಣ್ಣ ಅಧ್ಯಯನದಲ್ಲಿ, ಆ್ಯಂಟಿಬಯಾಟಿಕ್ ನಂತರ ಪ್ರೊಬಯಾಟಿಕ್ ತಿಂದ ಆರೋಗ್ಯವಂತರಲ್ಲಿ ಅವರದೇ ಕರುಳಿನ ಜೀವಾಣುಗಳು ಮರಳಿ ನೆಲೆಯೂರಲು ತಡವಾಯಿತು. ಆದ್ದರಿಂದ ತಿಂಗಳುಗಟ್ಟಲೆ ಮುಂದುವರಿಸುವುದು ಬೇಡ. ಎಲ್ಲಕ್ಕಿಂತ ಒಳ್ಳೆಯದು, ಸಾದಾ ನೀರುಭೇದಿಗೆ ಆ್ಯಂಟಿಬಯಾಟಿಕ್ಕನ್ನೇ ನುಂಗದಿರುವುದು. ರಕ್ತಭೇದಿಗೂ ಕಾಲರಾಕ್ಕೂ ಅದು ಬೇಕಾಗುತ್ತದೆ, ವೈದ್ಯರು ಬರೆದಾಗ.

ಬೌಲಾರ್ಡಿ ಯೀಸ್ಟಿನ ಹುಟ್ಟು ಕಾಲರಾ ಊರಿನಲ್ಲೇ. ಫ್ರಾನ್ಸಿನ ಹೆನ್ರಿ ಬೌಲಾರ್ 1923ರಲ್ಲಿ ಇಂಡೋಚೈನಾದಲ್ಲಿದ್ದಾಗ ಕಾಲರಾ ಹಬ್ಬಿತ್ತು. ಲಿಚಿ ಮತ್ತು ಮ್ಯಾಂಗೊಸ್ಟೀನ್ ಹಣ್ಣಿನ ಸಿಪ್ಪೆಯನ್ನು ಅಗಿಯುತ್ತಿದ್ದ, ಕಷಾಯ ಕುಡಿಯುತ್ತಿದ್ದ ಸ್ಥಳೀಯರಿಗೆ ರೋಗ ಅಷ್ಟಾಗಿ ತಟ್ಟದ್ದನ್ನು ಗಮನಿಸಿ ಅವರು ಆ ಸಿಪ್ಪೆಯಿಂದ ಯೀಸ್ಟ್ ಬೇರ್ಪಡಿಸಿದರು. ಯೀಸ್ಟ್ ಶಿಲೀಂಧ್ರವಾದ್ದರಿಂದ ಆ್ಯಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ. ಆ್ಯಂಟಿಬಯಾಟಿಕ್ ಜೊತೆಗೆ ಅದನ್ನು ಕೊಡುವುದಕ್ಕೆ ಇದೂ ಒಂದು ಕಾರಣ. ಐದು ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲಿ ಬರುವ ಬ್ಯಾಸಿಲಸ್ ಕ್ಲಾಸಿ 200 ಕೋಟಿ ಬೀಜಕ ಹೊತ್ತು ಬರುತ್ತದೆ. ಅದರ ತಳಿಗಳೂ ಹಲವು ಆ್ಯಂಟಿಬಯಾಟಿಕ್‌ಗಳನ್ನು ತಡೆದುಕೊಳ್ಳುತ್ತವೆ. ನಮ್ಮ ದೇಶದಲ್ಲಿ ಅದರ ಬಳಕೆ ಹೆಚ್ಚು, ಆಧಾರ ಅಷ್ಟು ಗಟ್ಟಿಯಿಲ್ಲ.

ಮುಗಿಯದ ಹೊಟ್ಟೆನೋವು: ಐಬಿಎಸ್

ಇರಿಟೇಬಲ್ ಬವೆಲ್ ಸಿಂಡ್ರೋಮ್, ಎಲ್ಲರ ಬಾಯಲ್ಲಿ ಐಬಿಎಸ್. ವೈದ್ಯರು ಇದನ್ನು ಗುರುತಿಸಲು 2016ರ ರೋಮ್-4 ಅಳತೆ ಬಳಸುತ್ತಾರೆ. ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ನೋವಿಗೂ ಹೊರಕಡೆಗೆ ಹೋಗುವುದಕ್ಕೂ ಸಂಬಂಧ, ಎಷ್ಟು ಸಲ ಹೋಗುವುದೆಂಬುದರಲ್ಲಿ ಬದಲಾವಣೆ, ಮಲದ ಹದದಲ್ಲಿ ಬದಲಾವಣೆ ಈ ಮೂರರಲ್ಲಿ ಎರಡು ಇರಬೇಕು. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಭಾರತೀಯ ಗ್ಯಾಸ್ಟ್ರೊಎಂಟರಾಲಜಿ ಸಂಘದ 2008ರ ಅಧ್ಯಯನ ನಮ್ಮ ಜನರಲ್ಲಿ ಶೇ 4.2 ಮಂದಿಗೆ ಇದು ಇದೆ ಎಂದು ಕಂಡುಕೊಂಡಿತು. ವರದಿ ಸರಿಯಿದೆ ಎಂದಾಕ್ಷಣ ನೋವು ಸುಳ್ಳಲ್ಲ. ಕರುಳಿನ ನರಗಳು ಅತಿಸೂಕ್ಷ್ಮವಾಗಿರುವುದು, ಕರುಳು-ಮೆದುಳಿನ ನಡುವಿನ ಮಾತುಕತೆ ಏರುಪೇರಾಗಿರುವುದು ಎಂಡೊಸ್ಕೋಪಿಯಲ್ಲಿ ಕಾಣುವುದಿಲ್ಲ, ಅಷ್ಟೇ.

ಭೇದಿಗೂ ಐಬಿಎಸ್‌ಗೂ ಒಂದು ಕೊಂಡಿ ಇದೆ. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನ ನಲ್ಲಿ ನೀರಿಗೆ ದನದ ಸಗಣಿಯ ಸೋಂಕು ಸೇರಿತು. ಏಳು ಜನ ಸತ್ತರು, 2,300ರಷ್ಟು ಮಂದಿ ಹಾಸಿಗೆ ಹಿಡಿದರು. ಸಂಶೋಧಕರು ಆ ಊರನ್ನು ಎಂಟು ವರ್ಷ ಹಿಂಬಾಲಿಸಿದರು. ಎರಡು-ಮೂರು ವರ್ಷದ ಹೊತ್ತಿಗೆ, ಅಂದು ಭೇದಿಯಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಐಬಿಎಸ್ ಲಕ್ಷಣವಿತ್ತು. ಭೇದಿಯಾಗದವರಲ್ಲಿ ಹತ್ತರಲ್ಲಿ ಒಬ್ಬರಿಗೆ. ಕಲುಷಿತ ನೀರಿನ ಸುದ್ದಿ ಪತ್ರಿಕೆಯಲ್ಲಿ ವಾರಕ್ಕೆ ಮುಗಿಯುತ್ತದೆ, ಕರುಳಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮಕರಬ್ಬಿಯಂಥ ಊರುಗಳಲ್ಲಿ ಸತ್ತವರ ಲೆಕ್ಕದ ಜೊತೆಗೆ ಬದುಕುಳಿದವರ ಹೊಟ್ಟೆಯನ್ನೂ ಕೆಲವು ವರ್ಷ ವಿಚಾರಿಸುವ ವ್ಯವಸ್ಥೆ ನಮಗೆ ಬೇಕು.

ಐಬಿಎಸ್‌ಗೆ ಪ್ರೊಬಯಾಟಿಕ್ ಕೊಟ್ಟ ಪ್ರಯೋಗಗಳು ಕಡಿಮೆಯೇನಿಲ್ಲ. 2023ರ ಒಂದು ಒಟ್ಟು ವಿಶ್ಲೇಷಣೆ 82 ಪ್ರಯೋಗ, 10,332 ರೋಗಿಗಳನ್ನು ಲೆಕ್ಕಕ್ಕೆ ಹಿಡಿಯಿತು. ಕೆಲವು ತಳಿ, ಕೆಲವು ಮಿಶ್ರಣಗಳಿಂದ ಲಾಭವಿರಬಹುದು, ಆಧಾರದ ಗಟ್ಟಿತನ ಮಾತ್ರ ಬಹುಪಾಲು ಕಡಿಮೆ ಎಂಬುದು ಅದರ ಸಾರ. ಇದರಿಂದಾಗಿ ಮಾರ್ಗಸೂಚಿಗಳಲ್ಲೇ ಒಮ್ಮತವಿಲ್ಲ. ಬ್ರಿಟಿಷ್ ತಜ್ಞರ 2021ರ ಮಾರ್ಗಸೂಚಿ, 12 ವಾರದವರೆಗೆ ಪ್ರಯತ್ನಿಸಿ, ಫಲ ಕಾಣದಿದ್ದರೆ ನಿಲ್ಲಿಸಿ ಎನ್ನುತ್ತದೆ. ಅಮೆರಿಕದ ತಜ್ಞರ ಒಂದು ಸಂಘ ಅದೇ ವರ್ಷ, ಬೇಡ ಎಂದಿತು.

ಮೂರು ಪ್ರಯೋಗಗಳನ್ನು ಹತ್ತಿರದಿಂದ ನೋಡಿದರೆ ಈ ಭಿನ್ನಾಭಿಪ್ರಾಯ ಏಕೆ ಎಂದು ತಿಳಿಯುತ್ತದೆ. ಬೈಫಿಡೊಬ್ಯಾಕ್ಟೀರಿಯಂ ಇನ್‌ಫ್ಯಾಂಟಿಸ್ 35624 ಎಂಬ ತಳಿಯನ್ನು 2006ರಲ್ಲಿ 362 ಮಹಿಳೆಯರಿಗೆ ಮೂರು ಪ್ರಮಾಣದಲ್ಲಿ ಕೊಡಲಾಯಿತು: 10 ಲಕ್ಷ, 10 ಕೋಟಿ, 1,000 ಕೋಟಿ. ನೋವು ಕಡಿಮೆಯಾದದ್ದು ನಡುವಿನ ಪ್ರಮಾಣದಲ್ಲಿ ಮಾತ್ರ. ಅತಿ ಹೆಚ್ಚು ಪ್ರಮಾಣದ ಕ್ಯಾಪ್ಸೂಲಿನಲ್ಲಿ ಪುಡಿ ಒತ್ತೊತ್ತಾಗಿ ತುಂಬಿ, ನೀರು ತಾಗಿದಾಗ ಅಂಟಿನ ಮುದ್ದೆಯಾಗಿ ಕರಗಲೇ ಇಲ್ಲ ಎಂದು ಆಮೇಲೆ ತಿಳಿಯಿತು. ದೊಡ್ಡ ಸಂಖ್ಯೆ ಬರೆದ ಪೊಟ್ಟಣವೇ ದೊಡ್ಡ ಮದ್ದು ಎಂದು ಭಾವಿಸುವವರಿಗೆ ಈ ಪ್ರಯೋಗ ಎಚ್ಚರಿಕೆ.

ಎರಡನೆಯದು ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ 299ವಿ. 2012ರಲ್ಲಿ ಪ್ರಕಟವಾದ, ಭಾರತದಲ್ಲೇ 214 ರೋಗಿಗಳ ಮೇಲೆ ನಾಲ್ಕು ವಾರ ನಡೆದ ಪ್ರಯೋಗದಲ್ಲಿ ನೋವು ಮತ್ತು ಹೊಟ್ಟೆಯುಬ್ಬರ ಎರಡೂ ಇಳಿದವು. ಎರಡು ವರ್ಷದ ನಂತರ ದಕ್ಷಿಣ ಆಫ್ರಿಕಾದಲ್ಲಿ 81 ರೋಗಿಗಳ ಮೇಲೆ ಇದೇ ತಳಿಯನ್ನು ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ. ಒಂದೇ ತಳಿ ಒಂದು ನಾಡಿನಲ್ಲಿ ಫಲಿಸಿ ಇನ್ನೊಂದರಲ್ಲಿ ಫಲಿಸದೆ ಇರಬಹುದು. ಊಟ, ಕರುಳಿನಲ್ಲಿ ಮೊದಲೇ ಇರುವ ಜೀವಾಣು, ಐಬಿಎಸ್‌ನ ಬಗೆ ಎಲ್ಲವೂ ಬೇರೆ.

ಮೂರನೆಯದು ಬೆಂಗಳೂರಿನ ಕೂಸು. ಅಲ್ಲಿನ ಸಾಮಿ ಲ್ಯಾಬ್ಸ್ ಬೆಳೆಸಿದ ಬ್ಯಾಸಿಲಸ್ ಕೋಆಗ್ಯುಲನ್ಸ್ ಎಂಟಿಸಿಸಿ 5856 ತಳಿಯನ್ನು, ಭೇದಿ ಹೆಚ್ಚಿರುವ ಐಬಿಎಸ್‌ನ 36 ರೋಗಿಗಳಲ್ಲಿ ದಿನಕ್ಕೆ 200 ಕೋಟಿಯಂತೆ 90 ದಿನ ಪರೀಕ್ಷಿಸಲಾಯಿತು. 2016ರಲ್ಲಿ ಪ್ರಕಟವಾದ ಫಲ ಚೆನ್ನಾಗಿತ್ತು. ಶಾಖ ತಡೆಯುವ ಬೀಜಕ, ನಮ್ಮ ರಾಜ್ಯದ್ದೇ ತಯಾರಿಕೆ, ತಳಿಯ ಹೆಸರು ಸ್ಪಷ್ಟ. ಇವು ಮೆಚ್ಚಬೇಕಾದ ಗುಣ. ಆದರೆ ರೋಗಿಗಳು 36 ಮಂದಿಯಷ್ಟೇ, ಪ್ರಯೋಗ ತಯಾರಕರದೇ. ಐಬಿಎಸ್‌ನಲ್ಲಿ ಬರೀ ಹುಸಿಗುಳಿಗೆ ತಿಂದವರಲ್ಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ‘ಪರವಾಗಿಲ್ಲ’ ಎನ್ನುತ್ತಾರೆ. ಆದ್ದರಿಂದ ಕಂಪನಿಯ ಹಂಗಿಲ್ಲದ, ಇದಕ್ಕಿಂತ ದೊಡ್ಡ ಪ್ರಯೋಗ ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನಡೆಯಬೇಕು.

ಮಜ್ಜಿಗೆ, ಅಂಬಲಿ, ಮೊಸರು

‘ಮನೆಯಲ್ಲಿ ಮಜ್ಜಿಗೆ ಇರುವಾಗ ಅಂಗಡಿಯ ಪುಡಿ ಯಾಕೆ?’ ಎಂದು ಹಿರಿಯರು ಕೇಳುವುದರಲ್ಲಿ ಅರ್ಥವಿದೆ. ಮನೆ ಮೊಸರಿನಲ್ಲಿ ಜೀವಂತ ಜೀವಾಣುಗಳು ಹೇರಳ. ಆದರೆ ಯಾವ ತಳಿ, ಎಷ್ಟು ಎಂಬುದು ಹೆಪ್ಪಿನಿಂದ ಹೆಪ್ಪಿಗೆ, ಮನೆಯಿಂದ ಮನೆಗೆ ಬೇರೆ. ಹಾಗಾಗಿ ಕಾಯಿಲೆಗೆ ಅಳೆದು ಕೊಡುವ ಮದ್ದು ಅದಾಗಲಾರದು. ಊಟವಾಗಿ ಮಾತ್ರ ಅದು ಬಹಳ ಒಳ್ಳೆಯದು. ದಕ್ಷಿಣ ಭಾರತದ ದೊಡ್ಡವರಲ್ಲಿ ಅನೇಕರಿಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜೀರ್ಣವಾಗುವುದಿಲ್ಲ. ಹಾಲು, ಹಾಲು ತುಂಬಿದ ಚಹಾ ಕುಡಿದು ಹೊಟ್ಟೆ ಉಬ್ಬುವವರಲ್ಲಿ ಕೆಲವರು ಅದನ್ನೇ ಐಬಿಎಸ್ ಎಂದುಕೊಂಡಿರುತ್ತಾರೆ. ಮೊಸರಿನ ಜೀವಾಣುಗಳು ಲ್ಯಾಕ್ಟೋಸ್ ಜೀರ್ಣಕ್ಕೆ ನೆರವಾಗುತ್ತವೆ ಎಂಬುದನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೂ ಒಪ್ಪಿದೆ. ಎರಡು ವಾರ ಹಾಲು ಬಿಟ್ಟು ಮಜ್ಜಿಗೆಗೆ ಬಂದು ನೋಡುವುದು ಖರ್ಚಿಲ್ಲದ ಪರೀಕ್ಷೆ.

ಜೋಳದ ಅಂಬಲಿ, ರಾಗಿ ಅಂಬಲಿ ನಮ್ಮ ಸೀಮೆಯ ಬಿಸಿಲಿನ ಊಟ. ಹಿಟ್ಟನ್ನು ಹುಳಿ ಬರಿಸಿ ಕುದಿಸಿದಾಗ ಜೀವಾಣುಗಳು ಸಾಯುತ್ತವೆ, ಇಡ್ಲಿಯಲ್ಲಿ ಆಗುವಂತೆಯೇ. ಅಂಬಲಿ ಆರಿದ ಮೇಲೆ ಮಜ್ಜಿಗೆ ಬೆರೆಸುವ ನಮ್ಮ ಪದ್ಧತಿಯಲ್ಲಿ ಅವು ಮತ್ತೆ ಬಂದು ಸೇರುತ್ತವೆ. ಭೇದಿಯಾದಾಗ ಉಪ್ಪು ಹಾಕಿದ ತೆಳು ಮಜ್ಜಿಗೆ, ಉಪ್ಪು ಬೆರೆಸಿದ ಗಂಜಿ ಮನೆಯಲ್ಲೇ ಕೊಡಬಹುದಾದ ಒಳ್ಳೆಯ ದ್ರವಗಳು. ಅದಕ್ಕೆ ಬೆರೆಸುವ ನೀರು ಕುದಿಸಿ ಆರಿಸಿದ್ದಾಗಿರಬೇಕು. ಕೆಟ್ಟ ನೀರು ಬೆರೆತ ಮಜ್ಜಿಗೆ ರೋಗವನ್ನೇ ಹಂಚುತ್ತದೆ. ಐಬಿಎಸ್ ಇರುವವರಿಗೆ ಜೋಳದ ರೊಟ್ಟಿ ಸಾಮಾನ್ಯವಾಗಿ ಒಗ್ಗುತ್ತದೆ, ಹೊಟ್ಟೆಯಲ್ಲಿ ಗಾಳಿ ಹುಟ್ಟಿಸುವ ಫ್ರಕ್ಟಾನ್ ಗೋಧಿಯಷ್ಟು ಅದರಲ್ಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಕಡಲೆ ಹಿಟ್ಟು ಕೆಲವರಿಗೆ ಕಾಡುತ್ತವೆ, ಖಾರವೂ. ಮಂಡಕ್ಕಿ-ಮೆಣಸಿನಕಾಯಿ ನಮ್ಮ ಕೊಟ್ಟೂರಿನ ಹೆಮ್ಮೆ ಎಂಬುದು ನಿಜ, ಐಬಿಎಸ್ ಇರುವವರು ಒಂದೆರಡು ವಾರ ಬಿಟ್ಟು ನೋಡುವುದು ಒಳ್ಳೆಯದು. ಇಸಬ್ಗೋಲದಂಥ ಕರಗುವ ನಾರು ಅನೇಕರಿಗೆ ಪ್ರೊಬಯಾಟಿಕ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಯಾರು ಮುಟ್ಟಬಾರದು, ಯಾವಾಗ ಓಡಬೇಕು

ಆರೋಗ್ಯವಂತರಿಗೆ ಪ್ರೊಬಯಾಟಿಕ್‌ನಿಂದ ಅಪಾಯ ಕಡಿಮೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ತೀವ್ರ ನಿಗಾ ಘಟಕದಲ್ಲಿ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು, ತಿಂಗಳು ತುಂಬದೆ ಹುಟ್ಟಿದ ಕೂಸುಗಳು ವೈದ್ಯರ ಮಾತಿಲ್ಲದೆ ಮುಟ್ಟಬಾರದು. ಬೌಲಾರ್ಡಿ ಯೀಸ್ಟ್ ಇಂಥವರ ರಕ್ತಕ್ಕೆ ಸೇರಿದ ಪ್ರಕರಣಗಳು ದಾಖಲಾಗಿವೆ. ಅಂಥ ರೋಗಿಯ ಹಾಸಿಗೆಯ ಪಕ್ಕ ಪೊಟ್ಟಣವನ್ನು ಒಡೆಯಲೂ ಬಾರದು.

ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, ಐವತ್ತರ ನಂತರ ಹೊಸದಾಗಿ ಶುರುವಾದ ತೊಂದರೆ, ಮನೆಯಲ್ಲಿ ಕರುಳಿನ ಕ್ಯಾನ್ಸರ್ ಇದ್ದ ಹಿನ್ನೆಲೆ, ಇವುಗಳಲ್ಲಿ ಒಂದಿದ್ದರೂ ಅದನ್ನು ಐಬಿಎಸ್ ಎಂದು ತಾವೇ ತೀರ್ಮಾನಿಸಿಕೊಳ್ಳಬಾರದು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಇದೆ. ಮಗುವಿನ ಕಣ್ಣು ಗುಳಿ ಬಿದ್ದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರು ತಾಸು ಮೂತ್ರ ಹೋಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಆಯ್ಕೆ ಹೇಗೆ?

ದಿಢೀರ್ ಭೇದಿಗೆ ಓಆರ್‌ಎಸ್, ಮಕ್ಕಳಿಗೆ ಸತು, ಊಟ ಮತ್ತು ಎದೆಹಾಲು ಬಿಡದಿರುವುದು. ಪ್ರೊಬಯಾಟಿಕ್ ಕೊಡಲೇಬೇಕೆಂದಿದ್ದರೆ ಜಿಜಿ ತಳಿ ಅಥವಾ ಬೌಲಾರ್ಡಿ, ಐದರಿಂದ ಏಳು ದಿನ, ಇವೆಲ್ಲದರ ಮೇಲೆ. ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕಾಗಿ ಬಂದಾಗ, ಹಿಂದೆ ಅದರಿಂದ ಭೇದಿಯಾದವರಿದ್ದರೆ, ಮೊದಲ ದಿನದಿಂದ ಅವೇ ಎರಡರಲ್ಲಿ ಒಂದು. ಐಬಿಎಸ್‌ಗೆ ವೈದ್ಯರು ರೋಗ ಗುರುತಿಸಿದ ಮೇಲೆ, ತಳಿಯ ಹೆಸರು ಸ್ಪಷ್ಟವಿರುವ ಒಂದನ್ನೇ ಆರಿಸಿ, ಪ್ರಯೋಗದಲ್ಲಿ ಬಳಸಿದ ಪ್ರಮಾಣದಲ್ಲಿ ನಾಲ್ಕು ವಾರವಾದರೂ, ಹೆಚ್ಚೆಂದರೆ 12 ವಾರ. ಶುರು ಮಾಡುವ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ದಿನದ ನೋವು, ಉಬ್ಬರ, ಎಷ್ಟು ಸಲ ಹೊರಗೆ ಹೋದದ್ದು ಎಂದು ಗುರುತಿಡಬೇಕು. ಬದಲಾವಣೆ ಇಲ್ಲದಿದ್ದರೆ ನಿಲ್ಲಿಸಬೇಕು. ತಿಂಗಳುಗಟ್ಟಲೆ ಅಭ್ಯಾಸಬಲದಿಂದ ಕೊಳ್ಳಬಾರದು, ಒಂದರ ಮೇಲೊಂದು ಬ್ರ್ಯಾಂಡ್ ಬದಲಿಸುತ್ತಲೂ ಇರಬಾರದು.

ಇಷ್ಟೆಲ್ಲ ಮನೆಯ ಮಟ್ಟದ ಆಯ್ಕೆ. ಊರಿನ ಮಟ್ಟದ ಆಯ್ಕೆ ಇದಕ್ಕಿಂತ ದೊಡ್ಡದು. ಉಜ್ಜಿನಿಯ ಮರುಳಸಿದ್ದೇಶ್ವರ, ಕೊಟ್ಟೂರಿನ ಗುರುಬಸವೇಶ್ವರ, ಮೈಲಾರದ ಲಿಂಗೇಶ್ವರನ ಜಾತ್ರೆಗಳಿಗೆ ಲಕ್ಷಾಂತರ ಜನ ಸೇರುವ ಸೀಮೆ ಇದು. ಜಾತ್ರೆಗೆ ಮೊದಲು ಪ್ರತಿ ತೊಟ್ಟಿ, ಪ್ರತಿ ಟ್ಯಾಂಕರು, ಪ್ರತಿ ಅರವಟಿಗೆಯ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ನೋಡಿ ಊರ ಮುಂದೆ ಫಲಕ ಹಾಕಬೇಕು. ಪೈಪು ಒಡೆದು ಚರಂಡಿ ಬೆರೆತಿದೆ ಎಂದು ದೂರು ಕೊಟ್ಟ ದಿನವೇ ಪಂಚಾಯಿತಿ ನೀರು ನಿಲ್ಲಿಸಿ, ಬದಲಿ ನೀರು ಕೊಡಬೇಕು. ಗ್ರಾಮಸಭೆಯಲ್ಲಿ ನೀರಿನ ಪರೀಕ್ಷಾ ವರದಿಯನ್ನು ಓದಿ ಹೇಳಿ ಎಂದು ಕೇಳುವುದು ನಮ್ಮ ಹಕ್ಕು. ಐನೂರು ರೂಪಾಯಿಯ ಕ್ಯಾಪ್ಸೂಲಿನ ತಳಿ ಯಾವುದೆಂದು ಅಂಗಡಿಯವರನ್ನು ಕೇಳುವಷ್ಟೇ ಗಟ್ಟಿಯಾಗಿ ಆ ವರದಿಯನ್ನೂ ಕೇಳೋಣ. ಹೊಟ್ಟೆಯ ಆರೋಗ್ಯಕ್ಕೆ ಎರಡನೆಯ ಪ್ರಶ್ನೆಯಿಂದಲೇ ಹೆಚ್ಚು ಲಾಭ.